ಆಲ್-ವೀಲ್-ಡ್ರೈವ್ ಕಾರಿಗೆ ಕಾಯಿಲೋವರ್ ಹಾಕಿಸುವ ಮುಂಚೆ ಈ ಕಾರಿನ ಗತಿ ಓದಿ

ಹೊಸ ಕಾಯಿಲೋವರ್ ಸೆಟ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗು-ಶಾಕಿನ ಜೋಡಿ) ಕೂತು ಬರೀ 4,000 ಕಿ.ಮೀ ಓಡಿದ ಕಾರು. ಲಿಫ್ಟಿಗೆ ಏರಿಸಿದಾಗ ಕಂಡದ್ದು ಇಷ್ಟು: ಮುಂದಿನ ಎಡ ಚಕ್ರವನ್ನು ತಿರುಗಿಸುವ ಡ್ರೈವ್‌ಶಾಫ್ಟಿನ ಒಳಬದಿಯ ಬೂಟು (ಜಾಯಿಂಟನ್ನು ಮುಚ್ಚುವ ಮಡಿಕೆಯ ಮುಸುಕು) ಹರಿದು, ಗ್ರೀಸೆಲ್ಲ ಸಬ್‌ಫ್ರೇಮಿಗೆ ಎರಚಿಕೊಂಡಿದೆ. ಹಿಂದಿನ ಎರಡೂ ಟೈರಿನ ಒಳ ಅಂಚಿನಲ್ಲಿ ದಾರ ಕಾಣುತ್ತಿದೆ, ಹೊರ ಅಂಚಿನಲ್ಲಿ ಮಾತ್ರ 5 ಮಿ.ಮೀ ಗ್ರೂವ್ ಹಾಗೇ ಇದೆ. ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮಿನ ರಬ್ಬರ್ ಬುಷ್‌ಗಳಲ್ಲಿ ಸೀಳು. ಓಡಿಸುವಾಗ 50ರಿಂದ 70 ಕಿ.ಮೀ ವೇಗದಲ್ಲಿ ಆಕ್ಸಿಲರೇಟರ್ ಒತ್ತಿದರೆ ನಡುಕ, ಕಾಲು ತೆಗೆದರೆ ಮಾಯ.

ಶಾಕ್‌ಗಳಲ್ಲಿ ಮಾತ್ರ ಒಂದು ತೊಟ್ಟು ಎಣ್ಣೆಯೂ ಸೋರಿರಲಿಲ್ಲ. ಸೆಟ್ ಕಳಪೆ ಎಂದು ಬೈಯಲು ಕಾರಣವೇ ಇಲ್ಲ. ಕೆಟ್ಟದ್ದು ಆಯ್ಕೆ, ಕೂರಿಸಿದ ರೀತಿ, ಕಣ್ಣಳತೆಯಲ್ಲಿ ಇಳಿಸಿದ ಎತ್ತರ. ನಾಲ್ಕೂ ಚಕ್ರಕ್ಕೆ ಶಾಫ್ಟ್ ಇರುವ ಕಾರಿನಲ್ಲಿ ಸಸ್ಪೆನ್ಷನ್ನಿಗೆ ಏನೇ ಮಾಡಿದರೂ ಅದು ಡ್ರೈವ್‌ಲೈನಿಗೂ ತಟ್ಟುತ್ತದೆ. ಇದನ್ನು ಮರೆತದ್ದೇ ಇಷ್ಟಕ್ಕೆಲ್ಲ ಬುಡ.

ಆಯ್ಕೆಯಿಂದ ಶುರು ಮಾಡೋಣ. ಒಂದೇ ಮಾಡೆಲಿನ ಕಾರು ಮುಂಚಕ್ರ ಎಳೆಯುವ ಬಗೆಯಲ್ಲೂ ನಾಲ್ಕೂ ಚಕ್ರ ಎಳೆಯುವ ಬಗೆಯಲ್ಲೂ ಬರುತ್ತದೆ. ಮಾರುವವರು ಎರಡಕ್ಕೂ ಆಗುತ್ತದೆ ಎಂದು ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ನಂಬಬೇಡಿ. ಎಷ್ಟೋ ಕಾರುಗಳಲ್ಲಿ ಮೊದಲನೆಯದಕ್ಕೆ ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಸೇರಿಸುವ ಒಂದೇ ತೊಲೆ), ಎರಡನೆಯದಕ್ಕೆ ಮಲ್ಟಿಲಿಂಕ್ (ಪ್ರತಿ ಚಕ್ರಕ್ಕೂ ಬೇರೆ ಬೇರೆ ಆರ್ಮ್‌ಗಳು). ಚಕ್ರದ ಹಬ್ಬನ್ನು ಹಿಡಿಯುವ ನಕಲ್ (knuckle) ಬೇರೆ, ಶಾಕಿನ ಕೆಳಗಿನ ಕಿವಿ ಬೇರೆ, ಪಕ್ಕದಲ್ಲೇ ಶಾಫ್ಟ್ ತಿರುಗುತ್ತಿರುತ್ತದೆ. ಫೋಕ್ಸ್‌ವ್ಯಾಗನ್ ಬಳಗದ ಎಷ್ಟೋ ಕಾರುಗಳಲ್ಲಿ ಮುಂದಿನ ಸ್ಟ್ರಟ್ಟಿನ (ಸ್ಪ್ರಿಂಗೂ ಶಾಕೂ ಒಂದಾಗಿರುವ ಕಂಬ) ಕೊಳವೆಯೇ 50 ಮತ್ತು 55 ಮಿ.ಮೀ ಎಂದು ಎರಡು ಅಳತೆಯಲ್ಲಿ ಬರುತ್ತದೆ. ಅಳೆಯದೆ ತರಿಸಿದರೆ ನಕಲ್ಲಿನೊಳಗೆ ಕೂರುವುದೇ ಇಲ್ಲ. ಈ ಕಾರಿನಲ್ಲಿ ಸ್ಟ್ರಟ್ ಸರಿಯಾಗಿಯೇ ಕೂತಿತ್ತು, ಮೋಸ ಮಾಡಿದ್ದು ಸ್ಟೆಬಿಲೈಸರ್ ಬಾರನ್ನು (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ಸ್ಟ್ರಟ್ಟಿಗೆ ಸೇರಿಸುವ ಲಿಂಕಿನ ಕಿವಿ. ಮೂಲ ಸ್ಟ್ರಟ್ಟಿನದಕ್ಕಿಂತ ಅದು 20 ಮಿ.ಮೀ ಕೆಳಗಿತ್ತು. ಅಷ್ಟಕ್ಕೇ ಬಾರ್ ಡ್ರೈವ್‌ಶಾಫ್ಟಿನ ಹತ್ತಿರಕ್ಕೆ ಇಳಿದು, ಗುಂಡಿಗೆ ಬಿದ್ದಾಗಲೆಲ್ಲ ಶಾಫ್ಟಿಗೆ ತಾಗುತ್ತಿತ್ತು. ಬಣ್ಣ ಕೆದರಿದ ಸುತ್ತುಗೆರೆಯೇ ಸಾಕ್ಷಿ. ಹಳೆಯ ಸ್ಟ್ರಟ್ಟನ್ನೂ ಹೊಸದನ್ನೂ ಪಕ್ಕಪಕ್ಕ ಮಲಗಿಸಿ ಟೇಪ್ ಹಿಡಿದಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಹಾಗೆ ಮಲಗಿಸಿದಾಗ ಇನ್ನೊಂದನ್ನೂ ಅಳೆಯಿರಿ: ಪೂರ್ತಿ ಚಾಚಿದಾಗಿನ ಒಟ್ಟು ಉದ್ದ. ಹೊಸದು ಹಳೆಯದಕ್ಕಿಂತ ಉದ್ದ ಇರಕೂಡದು. ಕೆಳಗಿನ ಬ್ರ್ಯಾಕೆಟ್ಟನ್ನು ತಿರುಗಿಸಿ ಎತ್ತರ ಬದಲಿಸುವ ಸೆಟ್‌ಗಳಲ್ಲಿ ಈ ಅಪಾಯ ಜಾಸ್ತಿ. ಎತ್ತರ ಬೇಕೆಂದು ಬ್ರ್ಯಾಕೆಟ್ ಹೊರಗೆ ತಿರುಗಿಸುತ್ತ ಹೋದರೆ ಚಕ್ರ ಜೋತುಬಿದ್ದಾಗ ಶಾಫ್ಟಿನ ಒಳ ಜಾಯಿಂಟ್ ತನ್ನ ಮಿತಿ ಮೀರಿ ಹೊರಗೆ ಜಾರುತ್ತದೆ. ಒಳಗೆ ಉಳಿದ ಥ್ರೆಡ್ಡೂ ತಯಾರಕರು ಹೇಳಿದ ಕನಿಷ್ಠಕ್ಕಿಂತ ಕಡಿಮೆಯಾಗಿ ಬ್ರ್ಯಾಕೆಟ್ ಕಳಚುವ ಸ್ಥಿತಿಗೆ ಬರುತ್ತದೆ.

ಇನ್ನು ಸ್ಪ್ರಿಂಗಿನ ಗಡಸುತನ. ಡಬ್ಬಿಯ ಮೇಲೆ ಮುಂದೆ 8, ಹಿಂದೆ 6 ಕೆ.ಜಿ/ಮಿ.ಮೀ ಎಂದಿತ್ತು, ಅಂದರೆ ಸ್ಪ್ರಿಂಗನ್ನು ಒಂದು ಮಿ.ಮೀ ಅದುಮಲು ಬೇಕಾದ ಭಾರ. ಓದಿದರೆ ಸಮತೋಲನ ಸರಿಯಿದ್ದಂತೆ ಕಾಣುತ್ತದೆ. ಆದರೆ ಚಕ್ರಕ್ಕೆ ಸಿಗುವುದು ಸ್ಪ್ರಿಂಗಿನ ಸಂಖ್ಯೆ ಅಲ್ಲ, ಅದನ್ನು ಮೋಷನ್ ರೇಷಿಯೋದ (ಚಕ್ರ ಒಂದು ಮಿ.ಮೀ ಏರಿದರೆ ಸ್ಪ್ರಿಂಗ್ ಎಷ್ಟು ಅದುಮುತ್ತದೆ ಎಂಬ ಪ್ರಮಾಣ) ವರ್ಗದಿಂದ ಗುಣಿಸಿದ್ದು. ಮುಂದಿನ ಸ್ಟ್ರಟ್ಟಿನ ರೇಷಿಯೋ ಸುಮಾರು 0.95, ವರ್ಗ 0.90, ಚಕ್ರದ ಬಳಿ 7.2. ಹಿಂದೆ ಆರ್ಮಿನ ನಡುವೆ ಕೂತ ಸ್ಪ್ರಿಂಗಿನ ರೇಷಿಯೋ 0.7, ವರ್ಗ 0.49, ಚಕ್ರದ ಬಳಿ ಬರೀ 2.9. ಮುಂದಿನ ಒಂದು ಮೂಲೆಗೆ 350 ಕೆ.ಜಿ, ಹಿಂದಿನದಕ್ಕೆ 250 ಕೆ.ಜಿ ಹೊರೆ ಎಂದು ಲೆಕ್ಕ ಹಾಕಿದರೆ ಮುಂಭಾಗದ ಕುಲುಕು ಸೆಕೆಂಡಿಗೆ ಸುಮಾರು 2.3 ಸಲ, ಹಿಂಭಾಗದ್ದು 1.7 ಸಲ. ರಸ್ತೆಯ ಕಾರಿನಲ್ಲಿ ಹಿಂಭಾಗ ಸ್ವಲ್ಪ ಚುರುಕಾಗಿರಬೇಕು. ಉಬ್ಬನ್ನು ಅದು ತಡವಾಗಿ ದಾಟುತ್ತದಲ್ಲ, ಮುಂಭಾಗವನ್ನು ಹಿಡಿಯಬೇಕು. ಇಲ್ಲಿ ಉಲ್ಟಾ. ಮೊದಲೇ ಮೂತಿ ಹೊರಗೆ ತಳ್ಳುವ ಸ್ವಭಾವದ ಕಾರು, ತಿರುವಿನಲ್ಲಿ ಇನ್ನಷ್ಟು ಮೊಂಡಾಯಿತು.

ಗಡಸು ಸ್ಪ್ರಿಂಗಿನಿಂದ ಆಲ್-ವೀಲ್-ಡ್ರೈವಿಗೆ ಆಗುವ ಇನ್ನೊಂದು ನಷ್ಟವನ್ನು ಯಾರೂ ಹೇಳುವುದಿಲ್ಲ. 350 ಕೆ.ಜಿ ಹೊರೆಗೆ 7.2ರ ಗಡಸುತನ ಎಂದರೆ ಪ್ರಿಲೋಡ್ (ಕೂರಿಸುವಾಗಲೇ ಕೊಟ್ಟ ಅದುಮು) ಇಲ್ಲದಿದ್ದರೆ ಸ್ಪ್ರಿಂಗ್ ಚಕ್ರವನ್ನು ಕೆಳಗೆ ಒತ್ತಿ ಹಿಡಿಯುವುದು ಹೆಚ್ಚೆಂದರೆ 49 ಮಿ.ಮೀ ತನಕ. ಮೂಲ ಸ್ಪ್ರಿಂಗ್ 2.8ರದ್ದಾಗಿದ್ದರೆ (ಚಕ್ರದ ಬಳಿ 2.5) ಅದೇ ಲೆಕ್ಕ 140 ಮಿ.ಮೀ ಹತ್ತಿರ ಬರುತ್ತದೆ. ಅಂದರೆ ಏರುಪೇರು ದಾರಿಯಲ್ಲಿ ಒಂದು ಚಕ್ರ ಬೇಗ ಹಗುರಾಗುತ್ತದೆ, ಎಡಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಓಪನ್ ಆಗಿದ್ದರೆ (ಲಾಕ್ ಇಲ್ಲದ್ದು) ಆ ಚಕ್ರ ಗಿರಗಿರ ತಿರುಗುತ್ತದೆ, ಬ್ರೇಕಿನ ಎಲೆಕ್ಟ್ರಾನಿಕ್ಸ್ ಅದನ್ನು ಹಿಡಿಯುತ್ತ ಕೂರುತ್ತದೆ. ದೊಡ್ಡದರ ಜೊತೆಗೆ ಮೆದುವಾದ ಸಣ್ಣ ಹೆಲ್ಪರ್ ಸ್ಪ್ರಿಂಗ್ ಇದೆಯಲ್ಲ ಎನ್ನಬಹುದು. ಅದರ ಕೆಲಸ ದೊಡ್ಡ ಸ್ಪ್ರಿಂಗ್ ಸೀಟಿನಿಂದ ಜಾರದಂತೆ ಹಿಡಿಯುವುದಷ್ಟೇ. ಚಕ್ರವನ್ನು ನೆಲಕ್ಕೆ ಒತ್ತುವ ಶಕ್ತಿ ಅದಕ್ಕಿಲ್ಲ.

ಹಿಂದೆ ಸ್ಪ್ರಿಂಗೂ ಶಾಕೂ ಬೇರೆ ಬೇರೆ ಕಡೆ ಇರುವ ಕಾರಿಗೆ ಎರಡನ್ನೂ ಒಂದೇ ಕಂಬಕ್ಕೆ ತರುವ ಸೆಟ್‌ಗಳೂ ಸಿಗುತ್ತವೆ. ಶಾಕಿನ ಮೇಲಿನ ಹಿಡಿತ ಇರುವ ತಗಡನ್ನು ಕಾರಿನ ಭಾರ ಹೊರುವುದಕ್ಕೆಂದು ಮಾಡಿರುವುದಿಲ್ಲ. ಒಳಗಿನಿಂದ ಬಲ ಕೊಡದೆ ಅದನ್ನು ಮುಟ್ಟಬೇಡಿ.

ಈಗ ಕೂರಿಸಿದ ಬಗೆ. ಅತಿ ದೊಡ್ಡ ತಪ್ಪು ನಡೆದದ್ದು ಹತ್ತೇ ಸೆಕೆಂಡಿನಲ್ಲಿ. ನಕಲ್ಲಿಗೆ ಸ್ಟ್ರಟ್ಟನ್ನು ಹಿಡಿದ ಬೋಲ್ಟ್‌ಗಳನ್ನು ತೆಗೆದ ಕೂಡಲೇ, ಆಧಾರ ಕೊಡದ ನಕಲ್ ಡಿಸ್ಕಿನ ಭಾರಕ್ಕೆ ಹೊರಗಡೆ ವಾಲಿತು. ಅದನ್ನು ಹಿಡಿದು ನಿಲ್ಲಿಸಿದ್ದು ಡ್ರೈವ್‌ಶಾಫ್ಟ್. ಒಳ ಜಾಯಿಂಟಿನಲ್ಲಿ ಮೂರು ರೋಲರ್‌ಗಳ ಟ್ರೈಪಾಡ್ ಒಂದು ಬಟ್ಟಲಿನ ಜಾಡುಗಳಲ್ಲಿ ಒಳಗೂ ಹೊರಗೂ ಸರಿಯುತ್ತಿರುತ್ತದೆ. ಎಳೆದರೆ ರೋಲರ್ ಬಟ್ಟಲಿನ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ ಅಥವಾ ಪೂರ್ತಿ ಹೊರಗೇ ಬೀಳುತ್ತದೆ. ಬೂಟಿನ ಮಡಿಕೆಗಳು ನೇರವಾದದ್ದು ಕಂಡರೆ ಹಾಗಾಗಿದೆ ಎಂದೇ ಅರ್ಥ. ಇಲ್ಲಿ ರೋಲರ್ ವಾಪಸ್ ಕೂತಿತ್ತು, ಆದರೆ ಬೂಟಿನ ಸಣ್ಣ ಕ್ಲಿಪ್ ಜಾರಿತ್ತು. ಮುಂದಿನದು ಬರೀ ದಿನಗಳ ಲೆಕ್ಕ.

ಸರಿಯಾದ ಕ್ರಮ ಕಷ್ಟದ್ದಲ್ಲ. ಬೋಲ್ಟ್ ಸಡಿಲಿಸುವ ಮುಂಚೆ ಲೋವರ್ ಆರ್ಮಿನ ಕೆಳಗೆ ಜ್ಯಾಕ್ ಇಟ್ಟು ತುಸು ಎತ್ತಿ. ನಕಲ್ಲಿನ ಮೇಲ್ತುದಿಯನ್ನು ಗಟ್ಟಿ ತಂತಿಯಿಂದ ಒಳಗಡೆ ಎಳೆದು ಕಟ್ಟಿ. ಬ್ರೇಕ್ ಹೋಸಿನ ಕ್ಲಿಪ್ಪನ್ನೂ ಎಬಿಎಸ್ ವೈರಿನ ಹಿಡಿಕೆಯನ್ನೂ ಮೊದಲೇ ಬಿಡಿಸಿ. ಮೇಲಿನ ಬೋಲ್ಟು ಚಕ್ರದ ಓರೆಯನ್ನು (ಕ್ಯಾಂಬರ್) ಹೊಂದಿಸುವ ಕ್ಯಾಂಬರ್ ಬೋಲ್ಟ್ ಆಗಿದ್ದರೆ (ಎಷ್ಟೋ ಸುಬಾರುಗಳಲ್ಲಿ ಹಾಗೇ ಇರುತ್ತದೆ) ತಿರುಗಿಸುವ ಮುಂಚೆ ಅದರ ತಲೆಗೂ ಬ್ರ್ಯಾಕೆಟ್ಟಿಗೂ ಸೇರಿಸಿ ಒಂದು ಗೆರೆ ಎಳೆದುಕೊಳ್ಳಿ.

ಸ್ಪ್ರಿಂಗ್ ಹಾಕುವ ಮುಂಚಿನ ಒಂದು ಪರೀಕ್ಷೆಯನ್ನು ಬಿಡಲೇಬೇಡಿ. ಬರೀ ಶಾಕನ್ನು ಟಾಪ್ ಮೌಂಟ್ ಸಮೇತ ಕೂರಿಸಿ, ಆರ್ಮಿನ ಕೆಳಗಿನ ಜ್ಯಾಕಿನಿಂದ ಚಕ್ರವನ್ನು ತಳದಿಂದ ತುದಿಯ ತನಕ 20 ಮಿ.ಮೀ.ಗೊಮ್ಮೆ ನಿಲ್ಲಿಸುತ್ತ ಎತ್ತಿ. ಪ್ರತಿ ನಿಲುಗಡೆಯಲ್ಲೂ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು ಶಾಫ್ಟನ್ನು ಕೈಯಿಂದ ತಿರುಗಿಸಿ. ಎಲ್ಲಿಯಾದರೂ ಬಿಗಿಯಾಯಿತೇ? ಬಾರಿಗೂ ಬೂಟಿಗೂ ಎಷ್ಟು ಸಂದು? ಬ್ರೇಕ್ ಹೋಸ್ ಎಳೆಯುತ್ತಿದೆಯೇ? ಟೈರಿಗೂ ಸ್ಪ್ರಿಂಗಿನ ಸೀಟಿಗೂ ಕನಿಷ್ಠ 5–6 ಮಿ.ಮೀ ಇದೆಯೇ? ಬಾರ್ ಶಾಫ್ಟಿಗೆ ತಾಗುವುದು ಈ ಹಂತದಲ್ಲೇ ಕಣ್ಣಿಗೆ ಬೀಳುತ್ತಿತ್ತು.

ಪಿಸ್ಟನ್ ರಾಡಿನ ಮೇಲಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಇಡಬೇಡಿ. ರಾಡ್ ಒಳಗೇ ಗಿರಕಿ ಹೊಡೆದು ಸೀಲ್ ಹಾಳಾಗುತ್ತದೆ. ರಾಡನ್ನು ಅಲೆನ್ ಕೀಯಲ್ಲಿ ಹಿಡಿದು ನಟ್ಟನ್ನು ಕೈಪಾನಾದಲ್ಲೇ ಬಿಗಿಯಬೇಕು. ಟಾಪ್ ಮೌಂಟಿನ ಎಂ8 ನಟ್‌ಗಳಿಗೆ ಸಾಮಾನ್ಯವಾಗಿ 20–25 ನ್ಯೂಟನ್-ಮೀಟರ್ ಸಾಕು, ಜಾಸ್ತಿ ಬಿಗಿದರೆ ಸ್ಟಡ್ ಕಿತ್ತು ಬರುತ್ತದೆ. ನಕಲ್ಲಿನ ಬೋಲ್ಟಿನ ಟಾರ್ಕ್ ಕಾರಿನಿಂದ ಕಾರಿಗೆ ಬೇರೆ. ಆ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್ ನೋಡಿ. ಒಮ್ಮೆ ಮಾತ್ರ ಬಳಸಬೇಕು ಎಂದು ಅದರಲ್ಲಿ ಬರೆದಿದ್ದರೆ ಹೊಸ ಬೋಲ್ಟೇ ಹಾಕಿ.

ಬುಷ್‌ಗಳ ಸೀಳಿಗೆ ಕಾರಣ ಇನ್ನೂ ಸಾದಾ. ಆರ್ಮಿನ ಬೋಲ್ಟ್‌ಗಳನ್ನು ಚಕ್ರ ಜೋತಾಡುತ್ತಿರುವಾಗಲೇ ಬಿಗಿದಿದ್ದರು. ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. 350 ಮಿ.ಮೀ ಉದ್ದದ ಆರ್ಮ್ ಜೋತಾಡುವ ಜಾಗದಿಂದ ನಿಲ್ಲುವ ಜಾಗಕ್ಕೆ 100 ಮಿ.ಮೀ ಏರಿದರೆ ಸುಮಾರು 17 ಡಿಗ್ರಿ ತಿರುಚು, ಅದೂ ಕಾರು ಸುಮ್ಮನೆ ನಿಂತಾಗಲೇ. ಆ ತಿರುಚು ಒಂದು ಗುಟ್ಟಿನ ಸ್ಪ್ರಿಂಗಿನಂತೆ ಕಾರನ್ನು ಎತ್ತಿ ಹಿಡಿಯುತ್ತದೆ, ಆಮೇಲೆ ರಬ್ಬರ್ ಸೋತು ಕಾರು ಇನ್ನಷ್ಟು ಕೂರುತ್ತದೆ. ಚಕ್ರದ ಭಾರ ನೆಲದ ಮೇಲೋ ರ‍್ಯಾಂಪಿನ ಮೇಲೋ ಬಿದ್ದ ನಂತರವೇ ಕೊನೆಯ ಬಿಗಿತ. ಎತ್ತರ ಬದಲಿಸಿದಾಗಲೆಲ್ಲ ಮತ್ತೆ ಸಡಿಲಿಸಿ ಮತ್ತೆ ಬಿಗಿಯಬೇಕು. ಬೇಜಾರಿನ ಕೆಲಸ, ನಿಜ.

ಎತ್ತರದ ವಿಷಯಕ್ಕೆ ಬಂದರೆ, ಕಾರನ್ನು ಇಳಿಸಿದ್ದು 60 ಮಿ.ಮೀ. ಟೈರೂ ಫೆಂಡರೂ ಒಂದಕ್ಕೊಂದು ಮುತ್ತಿಡುವ ಹಾಗೆ. ಲೋವರ್ ಆರ್ಮಿನ ಹೊರತುದಿ ಒಳತುದಿಗಿಂತ ಮೇಲೇರಿತ್ತು. ಸ್ಟ್ರಟ್ ಇರುವ ಕಾರಿನಲ್ಲಿ ಹಾಗಾದರೆ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರಿನ ಭಾರಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ತಗ್ಗಿದ ಕಾರು ವಾಲುವುದು ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ಶಾಕ್ ತಳ ಮುಟ್ಟದಂತೆ ತಡೆಯುವ ಬಂಪ್ ಸ್ಟಾಪಿಗೆ ತಾಗುವ ಮುಂಚೆ ಉಳಿದಿದ್ದ ರಾಡು ಬರೀ 18 ಮಿ.ಮೀ. ರಾಡಿಗೊಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ ಸ್ವಲ್ಪ ದೂರ ಓಡಿಸಿ ಬಂದರೆ ಅದು ಎಲ್ಲಿಗೆ ಸರಿದಿದೆ ಎಂಬುದೇ ಲೆಕ್ಕ ಹೇಳುತ್ತದೆ. ಈ ಕಾರಿನದು ಮೊದಲ ಸುತ್ತಿನಲ್ಲೇ ಬಂಪ್ ಸ್ಟಾಪಿನ ಒಳಗೆ ಹೋಗಿತ್ತು.

ಆ ನಡುಕವೂ ಎತ್ತರದ ಕೂಸೇ. ಎಂಜಿನ್ ಬದಿಯ ತುದಿ ಕಾರಿನ ಜೊತೆ ಇಳಿಯಿತು, ಚಕ್ರದ ಬದಿಯದು ಅಲ್ಲೇ ಉಳಿಯಿತು, ಶಾಫ್ಟಿನ ಕೋನ ಬೆಳೆಯಿತು. ಕೋನದಲ್ಲಿ ಎಳೆಯುವಾಗ ಟ್ರೈಪಾಡಿನ ಮೂರು ರೋಲರ್‌ಗಳು ಒಂದಾದ ಮೇಲೊಂದು ತಳ್ಳುತ್ತವೆ, ಚಕ್ರದ ಒಂದು ಸುತ್ತಿಗೆ ಮೂರು ಗುದ್ದು. 60 ಕಿ.ಮೀ ವೇಗದಲ್ಲಿ ಸುತ್ತಳತೆ 1.98 ಮೀಟರ್ ಇರುವ ಟೈರು ಸೆಕೆಂಡಿಗೆ 8.4 ಸುತ್ತು ತಿರುಗುತ್ತದೆ, ಗುದ್ದು 25. ಟೈರಿನ ಬ್ಯಾಲೆನ್ಸ್ ತಪ್ಪಿದ್ದರೆ ಸುತ್ತಿಗೆ ಒಂದೇ ಗುದ್ದು, ಅದು ಆಕ್ಸಿಲರೇಟರ್ ಬಿಟ್ಟರೂ ನಿಲ್ಲದು. ಈ ವ್ಯತ್ಯಾಸ ತಿಳಿಯದೆ ಮೂರು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಲಾಗಿತ್ತು.

ಶಾಕಿನ ಬಿಗಿ ಹೊಂದಿಸುವ ಡ್ಯಾಂಪಿಂಗ್ ಗುಬ್ಬಿಯ ಬಗ್ಗೆ ಒಂದೇ ಮಾತು: ಪೂರ್ತಿ ಬಿಗಿಯಾದ ಕಡೆಯಿಂದ ಕ್ಲಿಕ್ ಎಣಿಸುತ್ತ ಬನ್ನಿ, ಎಡಕ್ಕೂ ಬಲಕ್ಕೂ ಒಂದೇ ಸಂಖ್ಯೆ ಇರಲಿ, ತುದಿಯಲ್ಲಿ ಬಲ ಹಾಕಬೇಡಿ.

ಹಿಂದಿನ ಟೈರು ತಿಂದದ್ದು ಅಲೈನ್‌ಮೆಂಟ್. ಅಷ್ಟು ಇಳಿದಾಗ ಹಿಂದಿನ ಕ್ಯಾಂಬರ್ ಮೈನಸ್ 3 ಡಿಗ್ರಿ ದಾಟಿತ್ತು, ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವುದು) ಒಟ್ಟು 6 ಮಿ.ಮೀ, ಮೂಲ ಅಡ್ಜಸ್ಟರ್ ಕೊನೆ ಮುಟ್ಟಿತ್ತು. ಆಮೇಲೆ ಇದಕ್ಕಿಂತ ಕೆಟ್ಟ ಕೆಲಸವೊಂದು ನಡೆಯಿತು: ಹಿಂದಕ್ಕೆ ಮಾತ್ರ ಎರಡು ಹೊಸ ಟೈರು ಹಾಕಿದರು. ಹೊಸದರ ಗ್ರೂವ್ 8 ಮಿ.ಮೀ, ಮುಂದಿನದು ಸವೆದು 4. ಆ 4 ಮಿ.ಮೀ ತ್ರಿಜ್ಯದ ವ್ಯತ್ಯಾಸ ಸುತ್ತಳತೆಯಲ್ಲಿ 25 ಮಿ.ಮೀ. ಸುಬಾರು ಹೇಳುವ ಮಿತಿ ಕಾಲು ಇಂಚು, ಅಂದರೆ 6 ಮಿ.ಮೀ ಚಿಲ್ಲರೆ, ಗ್ರೂವಿನಲ್ಲಿ ಲೆಕ್ಕ ಹಾಕಿದರೆ ಒಂದೇ ಮಿ.ಮೀ. ಇಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಕಿಲೋಮೀಟರಿಗೆ ಆರು ಸುತ್ತು ಹೆಚ್ಚು ತಿರುಗುತ್ತಿದ್ದವು. ಆ ಆರು ಸುತ್ತನ್ನು ಹಿಂದಿನ ಆಕ್ಸಲಿನ ಮುಂದಿರುವ ಮಲ್ಟಿಪ್ಲೇಟ್ ಕಪ್ಲಿಂಗ್ (ಹಿಂದಿನ ಚಕ್ರಗಳಿಗೆ ಬಲ ಕೊಡುವ, ಎಣ್ಣೆಯಲ್ಲಿರುವ ಕ್ಲಚ್) ಎಡೆಬಿಡದೆ ಜಾರಿ ಜಾರಿ ನುಂಗಬೇಕಿತ್ತು. ಎಣ್ಣೆ ತೆಗೆದಾಗ ಸುಟ್ಟ ವಾಸನೆ.

ಸರಿಪಡಿಸಿದ್ದು ಹೀಗೆ. ಚಕ್ರದ ಮಧ್ಯದಿಂದ ಫೆಂಡರಿನ ಅಂಚಿಗೆ ಅಳೆದು (ನೆಲದಿಂದ ಅಳೆದರೆ ಟೈರಿನ ಗಾಳಿಯೂ ಸೇರಿಕೊಳ್ಳುತ್ತದೆ) ಮೂಲಕ್ಕಿಂತ ಮುಂದೆ 25, ಹಿಂದೆ 20 ಮಿ.ಮೀ ಕೆಳಗೆ ನಿಲ್ಲಿಸಲಾಯಿತು, ಸ್ಟೆಬಿಲೈಸರ್ ಲಿಂಕ್ ಬಿಚ್ಚಿಟ್ಟೇ. ಅದೇ ಒಳವ್ಯಾಸದ ಸ್ಪ್ರಿಂಗ್‌ಗಳನ್ನು ತಂದು ಮುಂದೆ 5, ಹಿಂದೆ 7 ಮಾಡಿದ್ದರಿಂದ ಕುಲುಕು 1.8 ಮತ್ತು 1.85ಕ್ಕೆ ಬಂತು. ಉದ್ದ ಹೊಂದಿಸಬಹುದಾದ ಲಿಂಕ್ ಹಾಕಿ ಬಾರನ್ನು ಶಾಫ್ಟಿನಿಂದ ದೂರ ಮಾಡಲಾಯಿತು. ಕ್ಯಾಂಬರ್ ನಾಲ್ಕೂ ಕಡೆ ಮೈನಸ್ ಒಂದೂವರೆ ಡಿಗ್ರಿ, ಮುಂದೆ ಟೋ ಸೊನ್ನೆ, ಹಿಂದೆ ಒಟ್ಟು 2 ಮಿ.ಮೀ ಟೋ-ಇನ್. ಬುಷ್ ಎಲ್ಲ ಹೊಸವು, ಟೈರು ನಾಲ್ಕೂ ಒಂದೇ ಜೊತೆ. ಹೆಡ್‌ಲೈಟಿನ ಎತ್ತರ ನೋಡುವ ಸೆನ್ಸರ್ ಹಿಂದಿನ ಆರ್ಮಿನಲ್ಲಿತ್ತು, ಅದಕ್ಕೂ ಹೊಸ ಸೊನ್ನೆ ಕಲಿಸಬೇಕಾಯಿತು. 500 ಕಿ.ಮೀ ಆದ ಮೇಲೆ ಸ್ಪ್ರಿಂಗ್ ಕೂತು ಕಾರು 4 ಮಿ.ಮೀ ಇಳಿದಿತ್ತು. ಲಾಕ್ ರಿಂಗ್ ಬಿಚ್ಚಿ, ಥ್ರೆಡ್ಡಿನ ಮರಳನ್ನು ನೈಲಾನ್ ಬ್ರಶ್ಶಿನಲ್ಲಿ ಉಜ್ಜಿ, ಎತ್ತರ ಸರಿಮಾಡಿ, ಮತ್ತೊಮ್ಮೆ ಅಲೈನ್‌ಮೆಂಟ್.

ಎಡ ಶಾಫ್ಟನ್ನು ಬರೀ ಬೂಟು ಬದಲಿಸಿ ಉಳಿಸಿಕೊಳ್ಳಲು ನೋಡಿದ್ದರು. ಆಗಲಿಲ್ಲ. ಬಟ್ಟಲಿನ ಜಾಡುಗಳಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ತಗ್ಗು ಬಿದ್ದಿತ್ತು, ಇಡೀ ಶಾಫ್ಟೇ ಹೊಸದು ಬಂತು. ಕಪ್ಲಿಂಗಿನ ಎಣ್ಣೆಯನ್ನು 1,000 ಕಿ.ಮೀ ಬಿಟ್ಟು ಎರಡನೇ ಸಲ ಬದಲಿಸಿದಾಗಲೂ ಬಣ್ಣ ಪೂರ್ತಿ ತಿಳಿಯಾಗಿರಲಿಲ್ಲ.