ಮರುವಾಯಿ ಸುಕ್ಕಕ್ಕೆ ನಾಲ್ಕು ಸ್ಟಾರ್, ಬಿಲ್ಲಿಗೆ ಒಂದು

ಮೊದಲು ಊಟದ ವಿಷಯ ಹೇಳಿಬಿಡುತ್ತೇನೆ. ಕಳೆದ ಭಾನುವಾರ ರಾತ್ರಿ ಬೆಂಗಳೂರಿನ ಒಂದು ಕರಾವಳಿ ಹೋಟೆಲಿಗೆ ಹೋಗಿದ್ದೆವು. ನಾನು, ಹೆಂಡತಿ, ಮಗಳು, ಅಮ್ಮ. ಹೋಟೆಲಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿನ ಒಬ್ಬ ಹುಡುಗನ ಕೆಲಸ ಹೋಗಬಹುದು.

ಮರುವಾಯಿ ಸುಕ್ಕ, ಅಂದರೆ ಚಿಪ್ಪುಮೀನಿನ ಒಣ ಪಲ್ಯ, ಬಹಳ ಚೆನ್ನಾಗಿತ್ತು. ಒಂದು ಕಾಳು ಮರಳೂ ಬಾಯಿಗೆ ಸಿಗಲಿಲ್ಲ. ಕಾಯಿತುರಿಗೆ ಜಿಪುಣತನ ಮಾಡಿರಲಿಲ್ಲ. ನೀರ್ ದೋಸೆ ಕಾವಲಿಯಿಂದ ನೇರ ತಟ್ಟೆಗೆ ಬಂತು. ಅಂಜಲ್ ತವಾ ಫ್ರೈ ತಾಜಾ ಇತ್ತು. ಅಮ್ಮ ಮುಳ್ಳು ಬಿಡಿಸುತ್ತಾ 'ಅಡ್ಡಿಲ್ಲ' ಅಂದಳು. ಅವಳ ಬಾಯಲ್ಲಿ ಅದು ಫಸ್ಟ್ ಕ್ಲಾಸ್ ಅಂತ. ಘೀ ರೋಸ್ಟ್ ಮಾತ್ರ ಬೇಡ. ಕುಂದಾಪುರದವನಾದ್ದರಿಂದ ಈ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕು ಜಾಸ್ತಿ ಅಂತ ಒಪ್ಪುತ್ತೇನೆ. ಆದರೂ ಘೀ ರೋಸ್ಟ್ ಅಂದರೆ ಬ್ಯಾಡಗಿ ಮೆಣಸಿನ ಮಸಾಲೆ ತುಪ್ಪ ಬಿಡುವವರೆಗೆ ಬೇಯಬೇಕು, ಹುಳಿ ನಾಲಿಗೆಗೆ ತಾಗಬೇಕು. ಇವರದ್ದು ಸಿಹಿ. ಟೊಮೆಟೊ ಸಾಸ್ ಹಾಕಿದ್ದರೋ ಏನೋ.

ಇನ್ನು ಬಡಿಸಿದ ಹುಡುಗ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬೇಕು. ನೀರಿನ ಲೋಟ ಖಾಲಿಯಾಗುವ ಮೊದಲೇ ತುಂಬುತ್ತಿದ್ದ. ಅಮ್ಮನಿಗೆ ಕೇಳದೆಯೇ ಬಿಸಿನೀರು ತಂದ. ಮಗಳು ಚಮಚ ಬೀಳಿಸಿದಾಗ ಬೇರೆ ತಂದುಕೊಟ್ಟೇ ಕೆಳಗಿದ್ದದ್ದನ್ನು ಎತ್ತಿದ. ಈ ಕ್ರಮ ಕೆಲಸ ಕಲಿತವನಿಗೆ ಮಾತ್ರ ಬರುತ್ತದೆ. ಅವನು ಯಾರಿಗೋ 'ಎಂತ' ಅಂದದ್ದು ಕಿವಿಗೆ ಬಿತ್ತು. 'ಊರ್ ಯಾವ್ದ್ ಮಾಣಿ?' ಅಂತ ಕೇಳಿದೆ. ಮುಖ ಅರಳಿತು. 'ಬೈಂದೂರ್ ಬದಿ ಅಣ್ಣ' ಅಂದ.

ನಾನೂ ಹನ್ನೊಂದು ವರ್ಷ ಹೋಟೆಲಲ್ಲಿ ದುಡಿದವನು. ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ಕೊನೆಗೆ ಒಂದು ಎಸಿ ರೆಸ್ಟೋರೆಂಟಿನಲ್ಲಿ ಕ್ಯಾಪ್ಟನ್ ಆಗಿದ್ದೆ. ಈಗ ಸಣ್ಣದಾಗಿ ಕ್ಯಾಟರಿಂಗ್ ಮಾಡುತ್ತೇನೆ. ಅದಕ್ಕೇ ನನಗೆ ಬಿಲ್ ಬಂದರೆ ಮೊತ್ತ ನೋಡುವ ಮೊದಲು ಸಾಲು ನೋಡುವ ಅಭ್ಯಾಸ.

ಊಟಕ್ಕೆ 2,840 ರೂಪಾಯಿ. ಅದರ ಕೆಳಗೆ ಸರ್ವಿಸ್ ಚಾರ್ಜ್ 10%, ಅಂದರೆ 284. ಎರಡನ್ನೂ ಕೂಡಿಸಿ ಅದರ ಮೇಲೆ 5% ಜಿಎಸ್‌ಟಿ. ಒಟ್ಟು 3,280. ಸರ್ವಿಸ್ ಚಾರ್ಜ್ ಇಲ್ಲದಿದ್ದರೆ 2,982 ಆಗುತ್ತಿತ್ತು. ಸೇವೆಯ ಹೆಸರಲ್ಲಿ ಹಾಕಿದ ದುಡ್ಡಿಗೂ ನಾನು ತೆರಿಗೆ ಕಟ್ಟಬೇಕು, ನೋಡಿ.

ಹುಡುಗನ ಹತ್ತಿರ ಏನೂ ಹೇಳಲಿಲ್ಲ. ಅವನ ಕೈಲಿ ಏನಿದೆ ಪಾಪ? ಮ್ಯಾನೇಜರನ್ನು ಕರೆದೆ. ಟೈ ಕಟ್ಟಿದ್ದ, ಮಾತು ಮೃದು. 'ಅದು ಹುಡುಗರಿಗೇ ಹೋಗುತ್ತೆ ಸರ್' ಅಂದ.

'ಸಂತೋಷ. ಇವನಿಗೆ ಎಷ್ಟು ಪಾಯಿಂಟ್?'

ಮ್ಯಾನೇಜರ್ ಒಂದು ಗಳಿಗೆ ನನ್ನ ಮುಖ ನೋಡಿದ. ಹುಡುಗ ನೆಲ ನೋಡಿದ.

ಪಾಯಿಂಟ್ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ತಿಂಗಳಿಡೀ ಬಂದ ಸರ್ವಿಸ್ ಚಾರ್ಜ್ ಒಂದು ಕಡೆ ಸೇರುತ್ತದೆ. ನಾನಿದ್ದ ಕಡೆ ಮೊದಲು ಮಾಲೀಕರ ಪಾಲು ತೆಗೆಯುತ್ತಿದ್ದರು. ಆಮೇಲೆ ಬ್ರೇಕೇಜ್, ಅಂದರೆ ಒಡೆದ ಗ್ಲಾಸು, ಪಿಂಗಾಣಿ ತಟ್ಟೆಗಳ ಲೆಕ್ಕ. ಗಿರಾಕಿಯ ಮಗು ಒಡೆದರೂ ಅದು ನಮ್ಮ ಲೆಕ್ಕವೇ. ಉಳಿದದ್ದನ್ನು ಪಾಯಿಂಟ್ ಪ್ರಕಾರ ಹಂಚುವುದು. ಕ್ಯಾಪ್ಟನ್‌ಗೆ ಐದು, ಸಪ್ಲೈಯರ್‌ಗೆ ಮೂರು, ಕ್ಲೀನರ್‌ಗೆ ಒಂದು. ಒಂದು ಪಾಯಿಂಟಿಗೆ ಒಂದು ತಿಂಗಳು ನಾನೂರು ಬಂದರೆ ಮುಂದಿನ ತಿಂಗಳು ಇನ್ನೂರ ಅರವತ್ತು. ಹೋಟೆಲ್ ಎರಡೂ ತಿಂಗಳು ತುಂಬಿಯೇ ಇರುತ್ತಿತ್ತು. ಯಾಕೆ ಕಮ್ಮಿ ಅಂತ ಕೇಳುವ ಹಾಗಿಲ್ಲ. ಆ ಲೆಕ್ಕದ ಪುಸ್ತಕ ಯಾವತ್ತೂ ಗಲ್ಲಾದ ಡ್ರಾಯರಿಂದ ಹೊರಗೆ ಬರಲಿಲ್ಲ. ಹನ್ನೊಂದು ವರ್ಷದಲ್ಲಿ ನಾನು ಅದರ ರಟ್ಟು ನೋಡಿದ್ದೇನೆ, ಒಳಗಿನ ಹಾಳೆ ನೋಡಿಲ್ಲ.

ಈ ಹೋಟೆಲಲ್ಲೂ ಹಾಗೇ ಅಂತ ನಾನು ಹೇಳುತ್ತಿಲ್ಲ. ಹುಡುಗ ನೆಲ ನೋಡಿದ ಅಂತ ಹೇಳುತ್ತಿದ್ದೇನೆ, ಅಷ್ಟೇ.

ಸರ್ವಿಸ್ ಚಾರ್ಜ್ ತೆಗೆಯಿರಿ ಅಂದೆ. 'ಮೆನುವಿನಲ್ಲಿ ಬರೆದಿದೆ ಸರ್' ಅಂತ ಕೊನೇ ಪುಟ ತೋರಿಸಿದ. ಇರುವೆ ಸಾಲಿನಂಥ ಅಕ್ಷರ. ಬರೆದರೆ ಆಯ್ತಾ? ಗ್ರಾಹಕರ ಹಕ್ಕು ನೋಡುವ ಕೇಂದ್ರದ ಪ್ರಾಧಿಕಾರ 2022ರ ಜುಲೈಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ. ಬೇರೆ ಹೆಸರಿಟ್ಟೂ ವಸೂಲು ಮಾಡುವಂತಿಲ್ಲ. ಬಿಲ್ಲಿಗೆ ಕೂಡಿಸಿ ಮೇಲೆ ಜಿಎಸ್‌ಟಿ ಹಾಕುವಂತೆಯೂ ಇಲ್ಲ. ಹೋಟೆಲ್ ಮಾಲೀಕರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು, ಕೆಲವು ಕಾಲ ತಡೆಯಾಜ್ಞೆಯೂ ಇತ್ತು. 2025ರ ಮಾರ್ಚ್ 28ರಂದು ಕೋರ್ಟು ಅವರ ಅರ್ಜಿ ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಮೇಲೆ ಒಂದೊಂದು ಲಕ್ಷ ದಂಡವನ್ನೂ ಹಾಕಿತು. ಇಷ್ಟನ್ನು ನಾನು ಅವನಿಗೆ ಹೇಳಲಿಲ್ಲ. '1915ಕ್ಕೆ ಫೋನ್ ಮಾಡ್ಲಾ?' ಅಂತ ಮಾತ್ರ ಕೇಳಿದೆ. ಗ್ರಾಹಕರ ಸಹಾಯವಾಣಿ ಅದು. ಐದು ನಿಮಿಷದಲ್ಲಿ ಹೊಸ ಬಿಲ್ ಬಂತು, 2,982.

ಹೆಂಡತಿಗೆ ಮುಜುಗರ. 'ಮುನ್ನೂರು ರೂಪಾಯಿಗೆ ಇಷ್ಟು ಯಾಕ್ರೀ?' ಅಂದಳು. ಅವಳು ಹೇಳಿದ್ದೂ ಸರಿ. ನಾನು ದುಡ್ಡು ಉಳಿಸಲು ಹೋದವನಲ್ಲ. ಹಾಗೆ ನೋಡಿದರೆ ಈ ಮಾರ್ಗಸೂಚಿ ಕಾಯುವುದು ಗಿರಾಕಿಯ ಜೇಬು. ಗಿರಾಕಿ ಖುಷಿಯಿಂದಲೇ ಸರ್ವಿಸ್ ಚಾರ್ಜ್ ಕೊಟ್ಟರೆ ಅದರಲ್ಲಿ ಬಡಿಸಿದವನಿಗೆ ಎಷ್ಟು ಸೇರಬೇಕು ಅನ್ನುವುದಕ್ಕೆ ಮಾರ್ಗಸೂಚಿಯಲ್ಲಿ ಉತ್ತರ ಇಲ್ಲ. 2016ರಲ್ಲಿ ಐಟಿಸಿ ಕಂಪನಿಯ ತೆರಿಗೆ ಕೇಸಿನಲ್ಲಿ ಸುಪ್ರೀಂ ಕೋರ್ಟು ಕಾರ್ಡಿನಲ್ಲಿ ಬರುವ ಟಿಪ್ಸ್ ಬಗ್ಗೆ ಮಾತಾಡಿದೆ. ಅದು ಗಿರಾಕಿ ಕೊಟ್ಟದ್ದು, ಮಾಲೀಕ ಕೊಡುವ ಸಂಬಳ ಅಲ್ಲ, ಹಾಗಾಗಿ ಸಂಬಳದ ಲೆಕ್ಕದಲ್ಲಿ ಟಿಡಿಎಸ್, ಅಂದರೆ ಕೊಡುವಾಗಲೇ ಮುರಿಯುವ ತೆರಿಗೆ, ಹಿಡಿಯಬೇಕಿಲ್ಲ ಅಂತ ತೀರ್ಪು. ಓದಿ ಖುಷಿಯಾಯ್ತು. ಅದೇ ತೀರ್ಪಿನಲ್ಲಿ, ಟಿಪ್ಸನ್ನು ಮಾಲೀಕನಿಂದ ಕೇಳಿ ಪಡೆಯುವ ಹಕ್ಕು ಕೆಲಸಗಾರನಿಗೆ ಇಲ್ಲ ಅಂತಲೂ ಇದೆ. ಅದನ್ನು ಓದಿ ಪೇಪರ್ ಮಡಚಿಟ್ಟೆ.

ನನ್ನ ಜೊತೆ ಕ್ಲೀನರ್ ಆಗಿದ್ದ ಗೆಳೆಯನೊಬ್ಬ ಈಗ ಲಂಡನ್ನಿನಲ್ಲಿ ದೋಸೆ ಹೊಯ್ಯುತ್ತಾನೆ. ಅಲ್ಲಿ 2024ರ ಅಕ್ಟೋಬರ್ 1ರಿಂದ ಬೇರೆ ಕಾನೂನು. ಟಿಪ್ಸೂ ಸರ್ವಿಸ್ ಚಾರ್ಜೂ ಪೂರ್ತಿ ಕೆಲಸದವರಿಗೇ ಸೇರಬೇಕು. ತೆರಿಗೆ ಬಿಟ್ಟರೆ ಮಾಲೀಕ ಏನೂ ಮುರಿದುಕೊಳ್ಳುವಂತಿಲ್ಲ. ಮುಂದಿನ ತಿಂಗಳು ಮುಗಿಯುವುದರೊಳಗೆ ಹಂಚಬೇಕು. ತನಗೆಷ್ಟು ಬಂತು ಅನ್ನುವ ಲೆಕ್ಕ ಕೇಳುವ ಹಕ್ಕೂ ಇದೆಯಂತೆ. 'ಪುಸ್ತಕ ತೋರಿಸ್ತಾರೆ ಮಾರಾಯ!' ಅಂತ ಫೋನಲ್ಲಿ ನಕ್ಕ. ಬ್ರೇಕೇಜ್ ಕೇಳಿದೆ. ಅದನ್ನೂ ಟಿಪ್ಸಿನಲ್ಲಿ ಹಿಡಿಯುವಂತಿಲ್ಲವಂತೆ.

ವಾಪಸ್ ನಮ್ಮ ಟೇಬಲ್ಲಿಗೆ ಬರೋಣ. ಬಿಲ್ಲನ್ನು ಕ್ಯೂಆರ್ ಸ್ಕ್ಯಾನ್ ಮಾಡಿ ಕಟ್ಟಿದೆ. ಹಿಂದೆ ನಮಗೆ ಸಿಗುತ್ತಿದ್ದದ್ದು ಸೋಂಪಿನ ತಟ್ಟೆಯಲ್ಲಿ ಬಿಟ್ಟುಹೋದ ಚಿಲ್ಲರೆ. ಯುಪಿಐ ಬಂದ ಮೇಲೆ ಚಿಲ್ಲರೆಯೇ ಇಲ್ಲ. ಎಪ್ಪತ್ತೆರಡು ರೂಪಾಯಿ ಅಂದರೆ ಎಪ್ಪತ್ತೆರಡೇ. ಇನ್ನು ಕೆಲವರು ಒಳ್ಳೇ ಮನಸ್ಸಿನಿಂದ ಅದೇ ಕ್ಯೂಆರ್‌ಗೆ ನೂರು ಜಾಸ್ತಿ ಹಾಕುತ್ತಾರೆ. ಅದು ಹೋಗುವುದು ಹೋಟೆಲಿನ ಖಾತೆಗೆ.

ಹುಡುಗನ ಕೈಗೆ ಮುನ್ನೂರು ಕೊಟ್ಟೆ, ನಗದು. ಬೇಡ ಬೇಡ ಅಂದ, ಆಮೇಲೆ ತಗೊಂಡ. ತಗೊಂಡವನು ಒಮ್ಮೆ ಮೇಲಿನ ಕ್ಯಾಮೆರಾ ನೋಡಿ, ನೋಟುಗಳನ್ನು ಗಲ್ಲಾದ ಪಕ್ಕದ ಸ್ಟೀಲ್ ಡಬ್ಬಿಗೆ ಹಾಕಿ ಬಂದ. ಕೈ ತೊಳೆಯುವ ಜಾಗದಲ್ಲಿ ಸಿಕ್ಕಾಗ ಮೆಲ್ಲಗೆ, 'ಅಣ್ಣ, ಇನ್ನೊಂದ್ಸಲ ಬಂದ್ರೆ ಹೊರಗೆ ಪಾರ್ಕಿಂಗಲ್ಲಿ ಕೊಡಿ' ಅಂದ.

ಪಾರ್ಕಿಂಗ್ ನೆನಪಾಯ್ತು, ಅಲ್ಲಿ ಜಾಗ ಕಮ್ಮಿ. ಏಳೂವರೆಯೊಳಗೆ ಹೋದರೆ ಕಾರಿಗೆ ಸಿಗುತ್ತದೆ. ಮರುವಾಯಿ ಎಂಟೂವರೆಗೆ ಖಾಲಿಯಾಗುತ್ತದಂತೆ, ಕೂತ ಕೂಡಲೇ ಹೇಳಿಬಿಡಿ.