ಪೋರ್ಟಿಂಗ್ ಮಾಡಿದ ಆರ್‌ಎಕ್ಸ್ 100ಕ್ಕೆ ಮಿಕುನಿ ವಿಎಂ24: ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ...

ನಿಮ್ಮ ಯಮಹಾ ಆರ್‌ಎಕ್ಸ್ 100ರ ಸಿಲಿಂಡರ್ ಬ್ಲಾಕ್‌ಗೆ ಪೋರ್ಟಿಂಗ್ (ಗಾಳಿ, ಹೊಗೆ ಹೋಗೋ ತೂತುಗಳನ್ನು ಕೊರೆದು ಹಿಗ್ಗಿಸೋದು) ಮಾಡಿಸದೆ ಕಂಪನಿಯಿಂದ ಬಂದ ಹಾಗೇ ಇದ್ದರೆ, 24 ಎಂಎಂ ಬಾಯಿಯ ಈ ವಿಎಂ24 ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡೋ ಭಾಗ) ತಗೋಬೇಡಿ. ಗಾಡಿಯ ಜೊತೆ ಬಂದ 20 ಎಂಎಂ ಮಿಕುನಿಯನ್ನೇ ಬಿಚ್ಚಿ, ತೊಳೆದು, ಫ್ಲೋಟ್ ನೀಡಲ್ ಹೊಸದು ಹಾಕಿ ಓಡಿಸಿ. 98 ಸಿಸಿಗೆ, 11 ಎಚ್‌ಪಿಗೆ ಅದು ಧಾರಾಳ ಸಾಕು. ದೊಡ್ಡ ಬಾಯಿ ಹಾಕಿದ ಮಾತ್ರಕ್ಕೆ ಗಾಡಿ ಓಡೋದಾಗಿದ್ದರೆ ನಮ್ಮ ಹಾಸನದ ಹುಡುಗರೆಲ್ಲ ಇಷ್ಟೊತ್ತಿಗೆ ರೇಸ್ ಗೆದ್ದಿರಬೇಕಿತ್ತು.

ನನ್ನದು ಲೇತ್ ಕೆಲಸ. ಗಾಡಿಯ ಎಕ್ಸಾಸ್ಟ್ ಪೋರ್ಟ್ ಸ್ವಲ್ಪ ಎತ್ತರಿಸಿ, ಹೆಡ್ ಫೇಸಿಂಗ್ (ಸಿಲಿಂಡರ್ ಮುಚ್ಚಳದ ಮೈ ಸವರೋದು) ಮಾಡಿದ್ದು ನಾನೇ. ಸೈಲೆನ್ಸರ್ ಮಾತ್ರ ಕಂಪನಿಯದೇ ಇದೆ. ನಮ್ಮ ಬೀದಿಯಲ್ಲಿ ರಾತ್ರಿ ಮಲಗೋರು ಇದ್ದಾರೆ. ಇಷ್ಟು ಮಾಡಿದ ಮೇಲೆ ಹಳೇ ಕಾರ್ಬೊರೇಟರ್ ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟಿದ ಹಾಗೆ ಮಾಡೋಕೆ ಶುರುಮಾಡಿತು. 28ಕ್ಕೆ ಹೋಗು ಅಂದವರೂ ಇದ್ದರು. ಬಾಯಿ ಅಷ್ಟು ದೊಡ್ಡದಾದರೆ ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗ ಬಿದ್ದುಹೋಗಿ ಪೆಟ್ರೋಲ್ ಸರಿಯಾಗಿ ಎಳೆಯೋದಿಲ್ಲ, ಊರೊಳಗೆ ಓಡಿಸೋಕೆ ತ್ರಾಸು. ಅದಕ್ಕೇ 24.

ಅಸಲಿ ಮಿಕುನಿ ಕೈಯಲ್ಲಿ ಹಿಡಿದರೇ ಗೊತ್ತಾಗುತ್ತೆ. ಆಕ್ಸಿಲರೇಟರ್ ಎಳೆದಾಗ ಮೇಲೆದ್ದು ಬಾಯಿ ತೆರೆಯೋ ಸ್ಲೈಡ್ ಒಳಗೆ ಬಿಟ್ಟರೆ ಅಲ್ಲಾಡದೆ ಜಾರಿ ಕೂರುತ್ತೆ. ಜೆಟ್‌ಗಳ (ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ಹಿತ್ತಾಳೆ ತುಂಡುಗಳು) ಮೇಲೆ ಚೌಕದೊಳಗೆ ಚೌಕದ ಗುರುತು, ಅಕ್ಷರ ಚೂಪಾಗಿ ಮೂಡಿರುತ್ತೆ. ನಕಲು ತಗೋಳೋರಾದರೆ ಕ್ಯಾಲಿಪರ್ ಜೊತೆಗೆ ಒಯ್ಯಿರಿ. ವಿಎಂ22 ಅಂತ ಮಾರೋ ಎಷ್ಟೋ ನಕಲುಗಳ ಬಾಯಿ 26 ಎಂಎಂ ಇರುತ್ತೆ. ಜೆಟ್ ವಿಷಯ ಇನ್ನೂ ಕೆಟ್ಟದ್ದು. ಹೆಸರಿಲ್ಲದ ಒಂದು ಜೆಟ್ ಪ್ಯಾಕೆಟ್ ತರಿಸಿ ತೂತು ಅಳೆಯೋ ಪಿನ್ ಗೇಜ್ ಹಾಕಿ ನೋಡಿದೆ: ಒಂದೇ ನಂಬರ್ ಹೊಡೆದಿದ್ದ ಎರಡು ಜೆಟ್‌ಗಳಲ್ಲಿ ಒಂದಕ್ಕೆ ಪಿನ್ ಇಳಿಯಿತು, ಇನ್ನೊಂದಕ್ಕೆ ಇಳಿಯಲೇ ಇಲ್ಲ. ಅಂಥ ಜೆಟ್ ಇಟ್ಕೊಂಡು ಟ್ಯೂನಿಂಗ್ ಮಾಡೋದು ಹೇಗೆ? ನಂಬರ್ ಹೆಚ್ಚಿಸಿದೆ ಅಂದುಕೊಂಡಿರ್ತೀವಿ, ತೂತು ಚಿಕ್ಕದಾಗಿರುತ್ತೆ. ನನ್ನ ಕೇಳಿದರೆ ಬಾಡಿ ಸೆಕೆಂಡ್ಸ್ ತಂದರೂ ಪರವಾಗಿಲ್ಲ, ಜೆಟ್ ಮಾತ್ರ ಅಸಲಿಯೇ ಬೇಕು.

ಕೂರಿಸುವಾಗ ಎರಡು ವಿಷಯ. ಅಲ್ಯೂಮಿನಿಯಂ ಅಡಾಪ್ಟರ್ ತಿರುವಿಸಿ ಗಟ್ಟಿಯಾಗಿ ಬೋಲ್ಟ್ ಮಾಡಿಬಿಡೋರಿದ್ದಾರೆ. ಎಂಜಿನ್ ನಡುಕಕ್ಕೆ ಫ್ಲೋಟ್ ಬಟ್ಟಲಲ್ಲಿ ಪೆಟ್ರೋಲ್ ನೊರೆ ಏಳುತ್ತೆ, ಆಮೇಲೆ ಯಾವ ಜೆಟ್ ಹಾಕಿದರೂ ಲೆಕ್ಕ ಸಿಗಲ್ಲ. ನಡುವೆ ರಬ್ಬರ್ ಇರಲೇಬೇಕು. ಇನ್ನೊಂದು ಕೇಬಲ್. ಆರ್‌ಎಕ್ಸ್‌ನಲ್ಲಿ ಅದೇ ಆಕ್ಸಿಲರೇಟರ್ ಎಂಜಿನ್‌ಗೆ ಟೂ ಸ್ಟ್ರೋಕ್ ಆಯಿಲ್ ಕೊಡೋ ಪಂಪನ್ನೂ ಎಳೆಯುತ್ತೆ. ಈ ಸ್ಲೈಡ್ ಹಳೆಯದಕ್ಕಿಂತ ಹೆಚ್ಚು ಏಳಬೇಕು. ಗ್ರಿಪ್ ಪೂರ್ತಿ ತಿರುಗಿಸಿ, ಸ್ಲೈಡ್ ಬಾಯಿಂದ ಪೂರಾ ಮೇಲೆ ಹೋಗುತ್ತಾ ಅಂತ ಬೆರಳಿಟ್ಟು ನೋಡಿ, ಪಂಪಿನ ಗುರುತನ್ನು ಮತ್ತೆ ಹೊಂದಿಸಿ. ಜೆಟ್ ಬಗ್ಗೆ ಗಂಟೆಗಟ್ಟಲೆ ಮಾತಾಡೋರು ಈ ಪಂಪನ್ನು ಮರೆತೇಬಿಡ್ತಾರೆ.

ಇನ್ನು ಟ್ಯೂನಿಂಗ್. ಇದಕ್ಕೇ ನಾನು ಈ ಕಾರ್ಬೊರೇಟರ್‌ಗೆ ಪೂರ್ತಿ ಮಾರ್ಕ್ಸ್ ಕೊಡೋದು: ಯಾವ ಭಾಗ ಯಾವಾಗ ಕೆಲಸ ಮಾಡುತ್ತೆ ಅನ್ನೋದು ಸ್ಪಷ್ಟ. ಗ್ರಿಪ್ಪಿಗೆ ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಹಾಕ್ಕೊಳ್ಳಿ. ಐಡಲ್‌ನಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ (ಐಡಲ್‌ಗೆ ಪೆಟ್ರೋಲ್ ಬಿಡೋ ಚಿಕ್ಕ ಜೆಟ್), ಏರ್ ಸ್ಕ್ರೂ. ಕಾಲಿನ ಹತ್ತಿರ ಸ್ಲೈಡಿನ ಕಟ್. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ಕ್ಲಿಪ್ ಹಾಕಿ ತೂಗಿಬಿಟ್ಟ ನೀಡಲ್. ಅದರಾಚೆ ಮೈನ್ ಜೆಟ್. ಗೆರೆ ನೋಡಿದರೆ ರೋಗ ಎಲ್ಲಿ ಅಂತ ಗೊತ್ತಾಗುತ್ತೆ. ಮುಕ್ಕಾಲಿನ ಮೇಲೆ ಬಡಬಡ ಅಂತ ಫೋರ್ ಸ್ಟ್ರೋಕ್ ತರ ಹೊಡೆದರೆ ಮೈನ್ ಜೆಟ್ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಅರ್ಧದಲ್ಲಿ ಎಳೆಯೋಕೆ ತಡವರಿಸಿದರೆ ನೀಡಲ್ ಕ್ಲಿಪ್ ಒಂದು ಕಚ್ಚು ಕೆಳಗಿಳಿಸಿ, ನೀಡಲ್ ಮೇಲೇಳುತ್ತೆ. ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ತಕ್ಷಣ ಇಳಿಯದಿದ್ದರೆ ಲೀನ್ (ಪೆಟ್ರೋಲ್ ಕಡಿಮೆ) ಇದೆ, ಇಲ್ಲವೇ ಎಲ್ಲೋ ಗಾಳಿ ಎಳೀತಿದೆ. ಮೊದಲು ಗಾಳಿ ಎಲ್ಲಿಂದ ಅಂತ ಹುಡುಕಿ. ಏರ್ ಸ್ಕ್ರೂ ಒಳಗೆ ತಿರುಗಿಸಿದರೆ ರಿಚ್, ನೆನಪಿರಲಿ. ಒಂದೂವರೆ ಸುತ್ತು ಹೊರಗಿಂದ ಶುರುಮಾಡಿ. ಅರ್ಧ ಸುತ್ತಿಗಿಂತ ಒಳಗಿದ್ದಾಗಲೇ ಚೆನ್ನಾಗಿ ಓಡ್ತಿದ್ದರೆ ಪೈಲಟ್ ಜೆಟ್ ಚಿಕ್ಕದಾಯಿತು ಅಂತ ಅರ್ಥ.

ಮೈನ್ ಜೆಟ್‌ಗೆ ಸ್ಪಾರ್ಕ್ ಪ್ಲಗ್ ನೋಡದೆ ಬೇರೆ ದಾರಿಯಿಲ್ಲ. ಹೊಸ ಪ್ಲಗ್ ಹಾಕಿ, ವಾಹನ ಸಂಚಾರ ಇಲ್ಲದ ನೇರ ದಾರಿಯಲ್ಲಿ ಫುಲ್ ಕೊಟ್ಟು, ಹಾಗೇ ಕ್ಲಚ್ ಹಿಡಿದು ಕೀ ಆಫ್ ಮಾಡಿ. ಪಿಂಗಾಣಿಯ ತುದಿ ನೋಡಿ ಪ್ರಯೋಜನವಿಲ್ಲ, ಬುಡದಲ್ಲಿರುವ ಉಂಗುರ ನೋಡಬೇಕು. ಹುರಿದ ಕಾಫಿ ಪುಡಿಯ ಬಣ್ಣ ಇದ್ದರೆ ಸರಿ. ಬಿಳಚಿಕೊಂಡಿದ್ದರೆ ಅಲ್ಲೇ ನಿಲ್ಲಿಸಿ, ದೊಡ್ಡ ಜೆಟ್ ಹಾಕಿ. ಇಲ್ಲದಿದ್ದರೆ ಪಿಸ್ಟನ್ ಸೀಜ್ ಆಗಿ ಬೋರ್‌ಗೆ ದುಡ್ಡು ಸುರಿಯಬೇಕಾಗುತ್ತೆ. ಯಾವಾಗಲೂ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಬೇಕು.

ನಿನ್ನ ಗಾಡಿಗೆ ಯಾವ ನಂಬರ್ ಹಾಕಿದೀಯ ಅಂತ ಎಲ್ಲರೂ ಕೇಳ್ತಾರೆ. ಹೇಳಲ್ಲ. ಹಾಸನ ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ಸರಿಹೋದ ಜೆಟ್ ಹಾಕ್ಕೊಂಡು ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋದರೆ ಅಲ್ಲಿ ಗಾಳಿ ದಟ್ಟ, ಅದೇ ಜೆಟ್ ಲೀನ್ ಆಗುತ್ತೆ. ಅಲ್ಲಿನ ಸೆಕೆ ಸ್ವಲ್ಪ ಸರಿದೂಗಿಸುತ್ತೆ, ಆದರೆ ಬೆಳಗಿನ ತಂಪಿನಲ್ಲಿ ಅದನ್ನು ನಂಬಬೇಡಿ. ನಾನು ಟೂಲ್ ಬ್ಯಾಗಲ್ಲಿ ಒಂದು ಸೈಜ್ ದೊಡ್ಡ ಜೆಟ್ ಇಟ್ಕೊಂಡೇ ಘಾಟ್ ಇಳಿಯೋದು. ಇಳಿಜಾರಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಲ್ಲೇ ಎಳೆಸ್ಕೊಂಡು ಹೋಗಬೇಡಿ. ಎಂಜಿನ್ ಜೋರಾಗಿ ತಿರುಗ್ತಿರುತ್ತೆ, ಪಂಪ್ ಕೊಡೋ ಆಯಿಲ್ ಕಡಿಮೆ ಇರುತ್ತೆ. ನಡುನಡುವೆ ಒಂದೊಂದು ಸಲ ಕೊಟ್ಟು ಬಿಡಿ.

ಈಗ ಬಂಕಲ್ಲಿ ಸಿಗೋ ಇ20 (ಶೇಕಡಾ 20 ಎಥನಾಲ್ ಬೆರೆಸಿದ) ಪೆಟ್ರೋಲ್ ಬೇರೆ. ಎಥನಾಲ್ ಸುಡೋಕೆ ಗಾಳಿ ಕಡಿಮೆ ಸಾಕು, ಹಾಗಾಗಿ ಅದೇ ತೂತಿನಲ್ಲಿ ಮಿಶ್ರಣ ಲೀನ್ ಕಡೆಗೇ ವಾಲುತ್ತೆ. 1996ರಲ್ಲೇ ನಿಂತುಹೋದ ಗಾಡಿಗೆ ಹಳಬರು ಬಾಯಿಪಾಠ ಮಾಡಿಟ್ಟಿರೋ ಜೆಟ್ ನಂಬರ್‌ಗಳನ್ನು ಇವತ್ತು ಹಾಗೇ ನಂಬೋಕಾಗಲ್ಲ.

ಇಷ್ಟವಾಗದ್ದು ಒಂದೇ: ಕ್ಲಿಪ್ ಬದಲಿಸೋಕೆ ಪ್ರತಿ ಸಲ ಮೇಲಿನ ಮುಚ್ಚಳ ಬಿಚ್ಚಿ, ಸ್ಪ್ರಿಂಗ್ ಒತ್ತಿ ಹಿಡಿದು ಕೇಬಲ್ ತಪ್ಪಿಸಬೇಕು. ದಾರಿ ಬದಿಯಲ್ಲಿ ಕೂತು ಮಾಡೋ ಕೆಲಸವಲ್ಲ. ತಗೋಳೋದಾದರೆ ಜೊತೆಗೇ ಒಂದು ಬಟ್ಟಲಿನ ಗ್ಯಾಸ್ಕೆಟ್, ಅಸಲಿ ಮೈನ್ ಜೆಟ್ ನಾಲ್ಕೈದು ಸೈಜಿನವು, ಪೈಲಟ್ ಎರಡು ತಗೊಂಡುಬಿಡಿ. ಬಟ್ಟಲಿನ ಸ್ಟಾರ್ ಸ್ಕ್ರೂ ತೆಗೆದು ಅಲೆನ್ ಬೋಲ್ಟ್ ಹಾಕಿಸಿದರೆ ತಲೆ ಕೆಡಲ್ಲ.