ಮಳೆಗಾಲಕ್ಕೆ ಮೋಟುಲ್ ಸಿ2, ಬೇಸಿಗೆಗೆ 90ರ ಗೇರ್ ಆಯಿಲ್

ಚೈನ್ ತೆರೆದುಕೊಂಡಿರುವ ಬೈಕ್ ಇಟ್ಟುಕೊಂಡು ಮಲೆನಾಡಿನಲ್ಲಿ ಓಡಾಡುವವರಿಗೆ ಮೋಟುಲ್ ಸಿ2 ಚೈನ್ ಸ್ಪ್ರೇಯನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ; ಆದರೆ ಆ ಶಿಫಾರಸು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಿಗೆ ಮಾತ್ರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗಿ ಘಟ್ಟ ಇಳಿಯುವ ರಸ್ತೆಯಲ್ಲಿ ಮಳೆ ಹಿಡಿದರೆ ಬೇಗ ಬಿಡುವುದಿಲ್ಲ, ಚಕ್ರ ಎರಚುವ ನೀರು ನೇರವಾಗಿ ಚೈನಿನ ಮೇಲೆಯೇ ಬೀಳುತ್ತದೆ, ಅಂಥ ದಾರಿಯಲ್ಲಿ ತೆಳುವಾದ ಎಣ್ಣೆ ಊರು ಸೇರುವ ಮೊದಲೇ ತೊಳೆದುಹೋಗಿರುತ್ತದೆ. ಈ ಸ್ಪ್ರೇ ಡಬ್ಬಿಯಿಂದ ಹೊರಬರುವಾಗ ತೆಳುವಾಗಿದ್ದು ಕೊಂಡಿಗಳ ಸಂದಿಗೆ ಇಳಿಯುತ್ತದೆ, ಜೊತೆಗಿರುವ ದ್ರಾವಕ ಆವಿಯಾದ ಮೇಲೆ ಅಂಟಾದ ಪೊರೆಯಾಗಿ ನಿಲ್ಲುತ್ತದೆ. ಮಳೆಯಲ್ಲಿ ಬೇಕಾದದ್ದು ಆ ಅಂಟುಗುಣವೇ. ಪಟ್ಟಿಗಳ ನಡುವೆ ರಬ್ಬರ್ ಬಳೆಗಳಿರುವ ಓ ರಿಂಗ್, ಎಕ್ಸ್ ರಿಂಗ್ ಚೈನುಗಳಿಗೂ ಇದು ಹೊಂದುತ್ತದೆ.

ಬಳ್ಳಾರಿ, ಚಿತ್ರದುರ್ಗದ ಕಡೆಯ ಬೇಸಿಗೆಯ ರಸ್ತೆಗಳಲ್ಲಿ ಇದೇ ಗುಣ ತಿರುಗಿ ಬೀಳುತ್ತದೆ. ಅಂಟು ಪೊರೆಯ ಯಾವ ಸ್ಪ್ರೇಯಾದರೂ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಧೂಳಿನಲ್ಲಿರುವ ಮರಳಿನ ಕಣಗಳು ಎಣ್ಣೆಯೊಂದಿಗೆ ಬೆರೆತು ಕಪ್ಪು ಹಿಟ್ಟಾಗಿ, ಸ್ಪ್ರಾಕೆಟ್ಟಿನ ಹಲ್ಲುಗಳನ್ನು ಅರದಂತೆ ಉಜ್ಜುತ್ತವೆ. ಆ ಕಾಲಕ್ಕೆ ನನ್ನ ಆಯ್ಕೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಸ್‌ಎಇ 90 ದರ್ಜೆಯ ಗೇರ್ ಆಯಿಲ್. ನಮ್ಮ ಎಷ್ಟೋ ಬೈಕುಗಳ ಕೈಪಿಡಿಗಳು ಸೂಚಿಸುವುದೂ ಇದನ್ನೇ. ಇದು ಸ್ಪ್ರೇಯಷ್ಟು ದಿನ ನಿಲ್ಲುವುದಿಲ್ಲ, ಹೆಚ್ಚಾಗಿ ಹಚ್ಚಿದರೆ ರಿಮ್ಮಿಗೆಲ್ಲ ಸಿಡಿಯುತ್ತದೆ, ಸುಮಾರು 500 ಕಿಲೋಮೀಟರಿಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ. ಆದರೂ ಒಂದು ಲೀಟರ್ ತಂದಿಟ್ಟುಕೊಂಡರೆ ಬಹಳ ಕಾಲ ಬರುತ್ತದೆ. ಹಚ್ಚಿ ಒರೆಸಿದಾಗಲೆಲ್ಲ ಹಳೆಯ ಕೊಳೆಯೂ ಬಟ್ಟೆಗೆ ಬರುವುದರಿಂದ ಚೈನ್ ತಾನಾಗಿ ಶುಚಿಯಾಗಿರುತ್ತದೆ. ಬೆಲೆಯ ದೃಷ್ಟಿಯಿಂದ ನೋಡಿದರೆ ಇದಕ್ಕೆ ಎದುರಿಲ್ಲ.

ಈ ಎರಡರಲ್ಲಿ ಒಂದನ್ನು ಕೊಳ್ಳುವ ಮುನ್ನ ನಿಮ್ಮ ಬೈಕಿನ ಚೈನ್ ಯಾವ ಬಗೆಯದು ಎಂಬುದನ್ನು ನೋಡಿಕೊಳ್ಳಬೇಕು. ಒಳಪಟ್ಟಿ ಮತ್ತು ಹೊರಪಟ್ಟಿಗಳ ನಡುವೆ ತೆಳುವಾದ ಕಪ್ಪು ರಬ್ಬರ್ ಬಳೆ ಕಂಡರೆ ಅದು ಓ ರಿಂಗ್ ಚೈನ್. ಅದರ ಪಿನ್ ಮತ್ತು ಬುಷ್‌ಗಳ ನಡುವಿನ ಗ್ರೀಸನ್ನು ಕಾರ್ಖಾನೆಯಲ್ಲಿಯೇ ತುಂಬಿ ರಬ್ಬರಿನಿಂದ ಮುಚ್ಚಿರುತ್ತಾರೆ. ನಾವು ಹೊರಗಿನಿಂದ ಹಚ್ಚುವ ಯಾವ ಎಣ್ಣೆಯೂ ಅಲ್ಲಿಗೆ ತಲುಪುವುದಿಲ್ಲ, ತಲುಪಬೇಕಾಗಿಯೂ ಇಲ್ಲ. ಅದರ ಕೆಲಸವೇನಿದ್ದರೂ ರಬ್ಬರ್ ಒಣಗದಂತೆ, ರೋಲರುಗಳು ಸವೆಯದಂತೆ, ಪಟ್ಟಿಗಳು ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು. ಹಾಗಾಗಿಯೇ ಪೆಟ್ರೋಲಿನಲ್ಲಿ ಚೈನ್ ತೊಳೆಯುವುದನ್ನೂ, ತಂತಿಯ ಬ್ರಷ್ಷಿನಿಂದ ಉಜ್ಜುವುದನ್ನೂ, ವಾಟರ್ ಸರ್ವಿಸ್ ಅಂಗಡಿಯಲ್ಲಿ ಜೋರಾದ ನೀರನ್ನು ಹತ್ತಿರದಿಂದ ಚೈನಿಗೆ ಹಿಡಿಯುವುದನ್ನೂ ನಾನು ಖಂಡಿತವಾಗಿ ವಿರೋಧಿಸುತ್ತೇನೆ, ಏಕೆಂದರೆ ರಬ್ಬರ್ ಹಾಳಾಗಿ ಒಳಗಿನ ಗ್ರೀಸ್ ಒಮ್ಮೆ ಹೋಯಿತೆಂದರೆ ಎಷ್ಟು ದುಬಾರಿಯ ಸ್ಪ್ರೇ ಹೊಡೆದರೂ ಅದು ಮರಳಿ ಬರುವುದಿಲ್ಲ. ಸೀಮೆಎಣ್ಣೆ ಮತ್ತು ಮೆತ್ತನೆಯ ಬ್ರಷ್ ಸಾಕು. ಇನ್ನು ಎಂಜಿನ್ನಿನಿಂದ ಇಳಿಸಿದ ಕಪ್ಪು ಆಯಿಲ್ಲನ್ನು ಚೈನಿಗೆ ಸುರಿಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಈಗಲೂ ಇದೆ. ಅದರಲ್ಲಿ ಮಸಿಯೂ ಲೋಹದ ನುಣ್ಣನೆಯ ಪುಡಿಯೂ ಇರುವುದರಿಂದ ಅದು ದುಡ್ಡು ಉಳಿಸುವ ದಾರಿಯಲ್ಲ.

ಡಬ್ಲ್ಯುಡಿ-40 ಬಗ್ಗೆಯೂ ಹಲವರು ಕೇಳುತ್ತಾರೆ. ಆ ಹೆಸರಿನ ಮೂಲ ಸ್ಪ್ರೇ ನೀರನ್ನು ಹೊರದೂಡುವುದಕ್ಕೆ ಒಳ್ಳೆಯದು, ಆದರೆ ಬಹುಪಾಲು ದ್ರಾವಕವೇ ಆಗಿರುವುದರಿಂದ ಅದರ ಮೇಲೆ ಎಣ್ಣೆ ಹಚ್ಚದೆ ಬಿಡಬಾರದು.

ಹಚ್ಚುವ ಕ್ರಮವು ಕೊಳ್ಳುವ ಡಬ್ಬಿಗಿಂತ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಸ್ವಲ್ಪ ದೂರ ಓಡಿಸಿ ಬಂದ ಮೇಲೆ, ಚೈನ್ ಇನ್ನೂ ಬೆಚ್ಚಗಿರುವಾಗಲೇ, ಬೈಕನ್ನು ಮೇನ್ ಸ್ಟ್ಯಾಂಡ್ ಅಥವಾ ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಪ್ಯಾಡಕ್ ಸ್ಟ್ಯಾಂಡಿಗೆ ಏರಿಸಿ, ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಆರಿಸಿ, ಹಿಂದಿನ ಚಕ್ರವನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಬೇಕು. ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ಚಕ್ರ ತಿರುಗಿಸುವುದು ಮೆಕ್ಯಾನಿಕ್ ಅಂಗಡಿಗಳಲ್ಲಿ ಸಾಮಾನ್ಯ. ಬಟ್ಟೆಯ ತುದಿ ಸ್ಪ್ರಾಕೆಟ್ಟಿಗೆ ಸಿಕ್ಕಿತೆಂದರೆ ಅದರ ಹಿಂದೆಯೇ ಬೆರಳೂ ಹೋಗುತ್ತದೆ, ಆದ್ದರಿಂದ ಅಂಥ ಅವಸರ ಯಾರಿಗೂ ಬೇಡ. ಕೆಳಗಿನ ಸಾಲಿನ ಚೈನಿನ ಒಳಮುಖಕ್ಕೆ ಸ್ಪ್ರೇ ಹೊಡೆದರೆ, ಚಕ್ರ ತಿರುಗುವಾಗ ಎಣ್ಣೆ ತಾನೇ ಹೊರಮುಖಕ್ಕೆ ಹರಿದು ಬರುತ್ತದೆ. ಹೊರಗಿನಿಂದ ಹೊಡೆದದ್ದು ಹಾಗೆಯೇ ಸಿಡಿದುಹೋಗುತ್ತದೆ. ಟೈರಿಗೂ ಹಿಂದಿನ ಡಿಸ್ಕಿಗೂ ತಗಲದಂತೆ ಹಿಂದೆ ರಟ್ಟಿನ ತುಂಡೊಂದನ್ನು ಅಡ್ಡ ಹಿಡಿಯುವುದು ಕಡ್ಡಾಯ. ದ್ರಾವಕ ಆರುವುದಕ್ಕೆ ಅರ್ಧ ಗಂಟೆಯಾದರೂ ಬಿಡಬೇಕು, ರಾತ್ರಿ ಹಚ್ಚಿ ಬೆಳಿಗ್ಗೆ ತೆಗೆದರೆ ಇನ್ನೂ ಉತ್ತಮ. ಕೊನೆಗೆ ಒಣಬಟ್ಟೆಯಿಂದ ಹೊರಗಿನ ಹೆಚ್ಚುವರಿಯನ್ನು ಒರೆಸಿ, ಚೈನಿನ ಸಡಿಲವನ್ನೂ, ಎಂದರೆ ಕೆಳಗಿನ ಸಾಲು ನಡುವಿನಲ್ಲಿ ಮೇಲೆ ಕೆಳಗೆ ಎಷ್ಟು ಆಡುತ್ತದೆ ಎಂಬುದನ್ನೂ, ನೋಡಿಬಿಡಬೇಕು; ಅನೇಕ ಬೈಕುಗಳಿಗೆ ಅದು 25ರಿಂದ 35 ಮಿಲಿಮೀಟರ್, ನಿಮ್ಮದರ ಅಳತೆ ಕೈಪಿಡಿಯಲ್ಲಿರುತ್ತದೆ. ಚೈನನ್ನು ಪೂರ್ತಿ ಮುಚ್ಚುವ ಕವರ್ ಇರುವ 100 ಸಿಸಿ ಬೈಕುಗಳವರು ಸ್ಪ್ರೇಗೆ ಹಣ ಹಾಕಬೇಕಾಗಿಯೇ ಇಲ್ಲ, ಗೇರ್ ಆಯಿಲ್ಲೇ ಅವರಿಗೆ ಧಾರಾಳವಾಯಿತು.

ಸೈಕಲ್ಲಿನ ಲೆಕ್ಕ ಬೇರೆ. ಅದರ ಚೈನಿನಲ್ಲಿ ರಬ್ಬರ್ ಬಳೆಯಿಲ್ಲ, ಒಳಗೆ ಮುಚ್ಚಿಟ್ಟ ಗ್ರೀಸೂ ಇಲ್ಲ. ಹಚ್ಚಿದ ಎಣ್ಣೆ ಪ್ರತಿಯೊಂದು ರೋಲರಿನ ಒಳಗೆ ಇಳಿದು ಪಿನ್ನಿನವರೆಗೂ ತಲುಪಲೇಬೇಕು. ಬೈಕಿನ ಅಂಟು ಸ್ಪ್ರೇ ಇಲ್ಲಿ ಭಾರವಾಗುತ್ತದೆ, ತುಳಿಯುವ ಕಾಲಿಗೇ ಅದು ತಿಳಿಯುತ್ತದೆ. ಸೈಕಲ್ ಅಂಗಡಿಯ ಹನಿ ಬಾಟಲಿಗಳಲ್ಲಿ ಮಳೆಗಾಲಕ್ಕೆ ವೆಟ್ ಲ್ಯೂಬ್, ಒಣ ಹವೆಗೆ ಡ್ರೈ ಲ್ಯೂಬ್ ಅಥವಾ ಮೇಣದ ದ್ರಾವಣ ಎಂದು ಬೇರೆಬೇರೆ ಸಿಗುತ್ತವೆ. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒಂದೊಂದು ರೋಲರಿಗೆ ಒಂದೊಂದು ಹನಿ ಬಿಟ್ಟು, ಕೆಲವು ನಿಮಿಷಗಳ ನಂತರ ಹೊರಮೈಯನ್ನು ಪೂರ್ತಿ ಒಣಗುವಂತೆ ಒರೆಸಬೇಕು. ಬೆಳಗಿನ ಜಾವ ನಂದಿಬೆಟ್ಟ ಹತ್ತುವ ಬೆಂಗಳೂರಿನ ಸವಾರರಿಗೆ, ಮಳೆಯಿಲ್ಲದ ತಿಂಗಳುಗಳಲ್ಲಿ, ಮೇಣಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ: ಧೂಳು ಅಂಟುವುದಿಲ್ಲ, ಕೈಯೂ ಪ್ಯಾಂಟಿನ ಅಂಚೂ ಕಪ್ಪಾಗುವುದಿಲ್ಲ. ಆದರೆ ಮೊದಲ ಸಲ ಮೇಣ ಹಾಕುವ ಮುನ್ನ ಕಾರ್ಖಾನೆಯ ಗ್ರೀಸನ್ನು ಸಂಪೂರ್ಣವಾಗಿ ತೆಗೆಯಬೇಕು, ಇಲ್ಲದಿದ್ದರೆ ಮೇಣ ಲೋಹಕ್ಕೆ ಹಿಡಿಯುವುದಿಲ್ಲ. ಒಮ್ಮೆ ಜೋರು ಮಳೆಗೆ ಸಿಕ್ಕರೆ ಅದೇ ಸಂಜೆ ಒರೆಸಿ ಮತ್ತೆ ಹಾಕಬೇಕು, ಇಲ್ಲದಿದ್ದರೆ ಮರುದಿನವೇ ತುಕ್ಕು ಕಾಣಿಸುತ್ತದೆ. ಯಾವುದನ್ನು ಹಾಕಿದರೂ ಆಗಾಗ ಉಕ್ಕಿನ ಸ್ಕೇಲ್ ಇಟ್ಟು ಅಳೆಯಿರಿ. ಹೊಸ ಚೈನಿನ 24 ಕೊಂಡಿಗಳು ಸರಿಯಾಗಿ 12 ಅಂಗುಲ ಇರುತ್ತವೆ. ಅದು ಒಂದೂವರೆ ಮಿಲಿಮೀಟರಿನಷ್ಟು ಹೆಚ್ಚಾದಾಗ ಚೈನ್ ಒಂದನ್ನೇ ಬದಲಿಸಿದರೆ ಹಿಂದಿನ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಜೋಡಣೆ) ಉಳಿದುಕೊಳ್ಳುತ್ತದೆ.